ಸಾಹುಕಾರನ ಓದಿನ ಖರ್ಚು

ಒಂದು ಪೇಟೆಯಲ್ಲಿ ಒಬ್ಬ ಜವಳಿ ಸಾಹುಕಾರನಿದ್ದ. ಯಾವ ಪೇಟೆ ಎಂದು ಕೇಳಬೇಡಿ, ಹೇಳಿದರೆ ನಿಮ್ಮಲ್ಲಿ ನಾಲ್ಕು ಜನ ಎದ್ದು ಹೋಗುತ್ತೀರಿ. ಆ ಊರಲ್ಲಿ ಒಂದು ಕಾನೂನಿತ್ತು. ನೋಡಿ, ಇದು ಕಥೆಯ ಊರಿನ ಕಾನೂನು, ನಾಳೆ ನಿಮ್ಮ ಆಡಿಟರ್ ಹತ್ತಿರ ನನ್ನ ಹೆಸರು ಹೇಳಬೇಡಿ. ಯಾರು ವಿದ್ಯಾರ್ಥಿಯೋ ಅವರು ಓದಿಗೆ ಮಾಡಿದ ಖರ್ಚನ್ನೆಲ್ಲ ವರಮಾನದಲ್ಲಿ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಿದರೆ ಸಾಕು.

ಸಾಹುಕಾರನಿಗೆ ಐವತ್ತೆರಡು ವರ್ಷ. ಕಾನೂನು ಕಿವಿಗೆ ಬಿದ್ದ ಮರುದಿನವೇ ಅವನಿಗೆ ವಿದ್ಯೆಯ ಮೇಲೆ ಭಕ್ತಿ ಹುಟ್ಟಿತು. ಸಂಸ್ಕೃತ ಪಾಠಶಾಲೆಗೆ ಸೇರಿದ. ಆಮೇಲೆ ಅವನ ಮನೆಯಲ್ಲಿ ಓದಿನದಲ್ಲದ ಖರ್ಚೇ ಇರಲಿಲ್ಲ. ತುಪ್ಪ? ಜ್ಞಾಪಕಶಕ್ತಿಗೆ. ತೇಗದ ಉಯ್ಯಾಲೆ? ಕಂಠಪಾಠಕ್ಕೆ. ಹೆಂಡತಿಯ ರೇಷ್ಮೆ ಸೀರೆ? ಸರಸ್ವತಿ ಪೂಜೆಗೆ. ಮನೆಮಂದಿಯೆಲ್ಲ ಕಾಶಿಗೆ ಹೋಗಿ ಬಂದರು, ಅದು ಅಧ್ಯಯನ ಪ್ರವಾಸ. ಎಲ್ಲಕ್ಕೂ ರಸೀದಿ ಇತ್ತು. ನಾವು ಚಾಪೆಯ ಕೆಳಗೆ ತೂರಿದರೆ ಅವನು ರಂಗೋಲಿಯ ಕೆಳಗೆ ತೂರುವವ.

ಒಂದೇ ತೊಂದರೆ. ವಿನಾಯಿತಿಗೆ ಪಾಠಶಾಲೆಯ ಹಾಜರಿ ಬೇಕು. ಪಾಠ ಬೆಳಿಗ್ಗೆ ಆರಕ್ಕೆ, ಸಾಹುಕಾರ ಏಳುವುದು ಎಂಟಕ್ಕೆ. ಏನು ಮಾಡಿದ? ಮೊದಲ ದಿನದಿಂದಲೇ ಅಂಗಡಿಯ ಗುಮಾಸ್ತನನ್ನು ಕಳಿಸಿದ. ಗುರುಗಳಿಗೆ ಕಣ್ಣು ಮಂದ, ಶಿಷ್ಯರನ್ನು ದನಿಯಿಂದಲೇ ಗುರುತಿಸುತ್ತಿದ್ದರು. ಗುಮಾಸ್ತನಿಗೆ ಸಾಹುಕಾರ, ನನ್ನ ಹೆಸರು ಕೂಗಿದಾಗ ಹಾಜರ್ ಅಂದು ಬಂದುಬಿಡು ಎಂದ. ಗುಮಾಸ್ತ ಅರವತ್ತರ ಹತ್ತಿರದ ಮನುಷ್ಯ. ಕೆಲಸ ಉಳಿಯಬೇಕಲ್ಲ, ಹೋದ. ಹಾಜರ್ ಅಂದ. ಅಂದ ಕೂಡಲೇ ಎದ್ದು ಬರುವುದು ಮರ್ಯಾದೆಯಲ್ಲ ಎಂದು ಕೂತ. ಹಾಗೆ ಎರಡು ವರ್ಷ ಕೂತ.

ಕೊನೆಗೆ ತೆರಿಗೆಯ ಅಧಿಕಾರಿಣಿಯೊಬ್ಬರು ಬಂದರು. ರಸೀದಿಗಳನ್ನೆಲ್ಲ ನೋಡಿದರು, ಉಯ್ಯಾಲೆಯನ್ನೂ ನೋಡಿದರು. ನಂತರ ಗುರುಗಳನ್ನು ಕರೆಸಿ, ಶಿಷ್ಯನಿಂದ ಮೊದಲ ಪಾಠ ಹೇಳಿಸಿ ಎಂದರು. ಹೇಳಿದರೆ ವಿನಾಯಿತಿ, ಇಲ್ಲದಿದ್ದರೆ ಎರಡು ವರ್ಷದ ತೆರಿಗೆ, ಮೇಲೆ ದಂಡ.

ಸಾಹುಕಾರ ಕೈಮುಗಿದು ನಿಂತ. "ರಾಮಃ" ಎಂದ. ಅಲ್ಲಿಗೆ ನಿಂತ. ಧಣಿಯ ಸಂಕಟ ನೋಡಲಾರದೆ ಹಿಂದೆ ನಿಂತಿದ್ದ ಗುಮಾಸ್ತ ಪಿಸುಗುಟ್ಟಿದ, "ರಾಮೌ, ರಾಮಾಃ..." ಪಾಪ, ಉಳಿಸಲೆಂದೇ ಹೇಳಿದ್ದು. ಆದರೆ ನಾಲಗೆ ಒಮ್ಮೆ ಹೊರಟಿತು ನೋಡಿ, ನಿಲ್ಲಲಿಲ್ಲ. ಎಂಟು ವಿಭಕ್ತಿಯನ್ನೂ ಒಂದೇ ಉಸಿರಿನಲ್ಲಿ ಮುಗಿಸಿತು.

ಗುರುಗಳ ಮುಖ ಅರಳಿತು. "ಇವನೇ ಕಣಮ್ಮ ನನ್ನ ಶಿಷ್ಯ. ಮುಂದೆ ನಿಂತಿರೋರು ಯಾರು?"

ಇವನು ಓದಿದ್ದು ನನ್ನ ದುಡ್ಡಿನಲ್ಲಿ ಎಂದು ಸಾಹುಕಾರ ವಾದ ಹೂಡಿದ. ಅಧಿಕಾರಿ ಬರೆಯುತ್ತಲೇ ಹೇಳಿದರು, "ಹೌದು. ಖರ್ಚು ನಿಮ್ಮದು, ಓದು ಅವರದು. ತೆರಿಗೆ ನಿಮ್ಮದು."

ನಗುತ್ತಿದ್ದೀರಿ. ನಗಿ. ಆದರೆ ಅಭಿಷೇಕಕ್ಕೆ ದುಡ್ಡು ಕಟ್ಟಿ, ಗೋತ್ರ ನಕ್ಷತ್ರ ಬರೆದು ಕೊಟ್ಟು, ಮನೆಯಲ್ಲಿ ಮಲಗಿದವರು ಯಾರು? ಗ್ರಂಥಗಳನ್ನು ಕೊಂಡು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದವರು ಯಾರು? ಅಪ್ಪನ ಔಷಧಿಗೆ ದುಡ್ಡು ಕಳಿಸಿದೆ, ಕರ್ತವ್ಯ ಮುಗಿಯಿತು ಎನ್ನುವವರು ಯಾರು? ಕೂತು ಕಲಿಯದ ವಿದ್ಯೆ ನಿಮ್ಮದಲ್ಲ, ಕೂತು ಮಾಡದ ಸೇವೆ ನಿಮ್ಮದಲ್ಲ. ನನಗೆ ಇದು ನಿಜವಾಗಿ ನೋವಿನ ಮಾತು.

ಆದ್ದರಿಂದ ದಿನಕ್ಕೆ ಒಂದು ಪುಟ ನೀವೇ ಓದಿ. ವಾರಕ್ಕೊಮ್ಮೆ ಅಪ್ಪನಿಗೆ ಮಾತ್ರೆಯನ್ನು ನಿಮ್ಮ ಕೈಯಲ್ಲೇ ಕೊಡಿ. ಶನಿವಾರ ಶಾಲೆಯಲ್ಲಿ ಪೋಷಕರ ಸಭೆಯಿದೆ, ಗಂಡಸರು ನೀವೇ ಹೋಗಿ. ಮಗ ಯಾವ ತರಗತಿ ಎಂದು ಹೆಂಡತಿಯನ್ನು ಮೊದಲೇ ಕೇಳಿಕೊಂಡು ಹೋಗಿ.