ಮೂರನೇ ನೀರು

...ಇಲ್ಲ ಅಂದೆನಲ್ಲ, ಭಾಗವ್ವ. ಆ ತಂಬಿಗಿ ಅಲ್ಲೇ ಇಡು. ನಿನ್ನ ಕೈಯಾಗಿನ ನೀರು ಮುಟ್ಟೂದಿಲ್ಲಂತ ಹನ್ನೊಂದು ವರ್ಷದ ಹಿಂದ ಆಣಿ ಮಾಡೇನಿ, ಮರತಿಯೇನು? ನೆಗೆಣ್ಣಿ ಅಂತ ಕರದು ಬಾಯಿ ಹೊಲಸು ಮಾಡ್ಕೊಂಡಿಲ್ಲ ನಾ. ನರಳೂದು ಗ್ವಾಡಿಯಾಚೆ ಕೇಳಿತಂತ ಬಂದಿ, ನೋಡಿದಿ, ಆತು.

ಯಾಕ ನಗತಿ? ನಗು. ನಿನ್ನೆ ಬೆಳಗಾವಿ ದವಾಖಾನಿಯೊಳಗ ತೊಡಿಸಂದಿಯಿಂದ ನಳಿಗಿ ತೂರಿಸಿ, ಎದಿತನಕ ಬಣ್ಣ ಬಿಟ್ಟು ನರದ ಫೋಟೋ ತಗದಾರ. ಇವತ್ತೂ ಕಾಲು ಮಡಚಂಗಿಲ್ಲ, ಏಳಂಗಿಲ್ಲ. ಆ ಬಣ್ಣ ಹೋಗೂತನಕ ನೀರು ಕುಡೀರಿ ಅಂದಾರ. ಬಣ್ಣಗಾರರ ಮನಿ ಸೊಸಿಗೆ ಇದನ್ನ ಕಲಿಸಬೇಕೇನ... ನಮ್ಮವರು ಗುಳಿಗಿ ತರಾಕ ರಬಕವಿಗೆ ಹೋಗಿ ಎರಡು ತಾಸಾತು. ಗಂಟಲ ಒಣಗೇತಿ. ಕೊಡು, ಒಂದ ಗಲಾಸ. ಔಷಧ ಅಂತ ಕುಡೀತೀನಿ.

ಹಾಂ... ನೀರು ತಣ್ಣಗೈತಿ. ನನ್ನ ಸಿಟ್ಟು ತಣ್ಣಗಾಗಿಲ್ಲ. ಉಂಡ ಮನಿ ಜಂತಿ ಎಣಿಸಿದಾಕಿ ನೀ. ಹಿರೇ ಸೊಸಿ ನಾ ಇದ್ರೂ, ಅತ್ತಿ ಬಣ್ಣದ ಹಂಡೇವು ನಿನಗ ಒಪ್ಪಿಸಿದಳು. 'ಭಾಗವ್ವನ ಕೈಯಾಗ ಕೆಂಪು ಛಲೋ ಕುಂದರತೈತಿ' ಅಂದಳು. ಕುಂತಿತೇನು? ಕೆಂಪು ನೂಲಿಗೆ ಮೂರು ನೀರು ಹಾಕಿ ಜಾಲಸಬೇಕು, ನೀ ಒಂದಕ್ಕ ಬಿಟ್ಟಿ. ಒಮ್ಮೆ ಒಗಿಯೂದ್ರಾಗ ಸೀರಿ ಬಣ್ಣ ಬಿಟ್ಟುವು, ಸಾವುಕಾರ ನಲವತ್ತೂ ಸೀರಿ ತಂದು ಅಂಗಳದಾಗ ಒಗದ. ಮಂದಿ ಮುಂದ ನಿನ್ನ ನಿಲ್ಲಿಸಿ ಕೇಳಿದೆ. ನಿನ್ನ ಗಂಡ ಪಾಲು ತಗೊಂಡು ನಡುವ ಗ್ವಾಡಿ ಎಬ್ಬಿಸಿದ. ಅವತ್ತ ನನಗ ಹಬ್ಬ ಆಗಿತ್ತು, ಖರೆ ಹೇಳತೀನಿ.

ಇನ್ನೊಂದು? ಕೊಡು... ಏನರ ಅನ್ನು ನೀ. ಅವತ್ತೂ ಹಿಂಗ ಸುಮ್ಮನಿದ್ದಿ. ಆ ನೂಲು ಅದ್ದಿದ ದಿನ ನಿಮ್ಮಪ್ಪಗ ಜಡ್ಡಂತ ಬೀಳಗಿಯಿಂದ ಹೇಳಿಕಳಿಸಿದ್ರು, ಅವಸರದಾಗ ಹೊಂಟಿ. 'ಕಸ್ತೂರಕ್ಕ, ಒಂದು ನೀರು ಹಾಕೀನಿ, ಉಳಿದ ಎರಡು ನೀ ಹಾಕು' ಅಂತ ನೂಲು...

ಏನಿಲ್ಲ. ನೀರು ನೆತ್ತಿಗೇರಿತು.

ಯಾಕ ಹಂಗ ನೋಡತಿ? ಮರತಿದ್ದೆ ಅಂತ ತಿಳಕೊ. ಗಡಿಬಿಡಿ ಇತ್ತು... ಇಲ್ಲ. ಮರತಿರಲಿಲ್ಲ. ನೀರು ಹಾಕದ ಕೈಯಾರೆ ಹಿಂಡಿ ಬಿಸಲಿಗೆ ಹಾಕಿದೆ. ಹೊಟ್ಟಿ ಉರೀತಿತ್ತು ನನಗ. ನಿನಗ ಗೊತ್ತಿತ್ತು. ಹನ್ನೊಂದು ವರ್ಷ ಗಂಡನ ಮುಂದೂ ಅಂದಿಲ್ಲ ನೀ.

ಈಗರ ಅನ್ನು, ಬೈಯಿ. ಎದ್ದು ಹೋಗಾಕ ನನಗ ಕಾಲಿಲ್ಲ ಇವತ್ತ.

ಮತ್ಯಾಕ ತಂಬಿಗಿ ಎತ್ತಿದಿ? ಎರಡು ಕುಡದೆನಲ್ಲ...

ಮೂರನೇದು.

ಗಲಾಸ ನನ್ನ ಕೈಗೆ ಕೊಡಬ್ಯಾಡ, ಭಾಗವ್ವ. ನೀನ ಕುಡಸು.