ದೊಡ್ಡಣ್ಣ ಬಿದ್ದ ಮರ

ನಗೋದಾದ್ರೆ ಈಗಲೇ ನಕ್ಕುಬಿಡಿ, ನಡುವೆ ನಗಬೇಡಿ... ಪಕ್ಕದ ಮನೆ ಜೀವಿತಾಗೆ ಇದು ಆದಾಗ ನಾನೇ ಜೊತೆಗಿದ್ದೆ.

ನಮ್ಮಿಬ್ಬರಿಗೂ ತಿಪಟೂರಿನ ಒಂದೇ ಬಟ್ಟೆ ಅಂಗಡಿಯಲ್ಲಿ ಕೆಲಸ. ಅವತ್ತು ಹೊನ್ನವಳ್ಳಿಯಲ್ಲಿ ಕೊನೇ ಬಸ್ಸು ಇಳಿದಾಗ ರಾತ್ರಿ ಹತ್ತೂವರೆ. ಮನೆಗೆ ಹೋಗೋ ಕಾಲುದಾರಿ ಹನುಮಂತರಾಯರ ತೋಟದ ಬಾವಿ ಪಕ್ಕದಲ್ಲೇ. ಬಾವಿಗೆ ಆತುಕೊಂಡು ಒಂದು ತೆಂಗಿನಮರ. ಜೀವಿತಾಳ ಅಪ್ಪ ದೊಡ್ಡಣ್ಣ ತಿಂಗಳ ಹಿಂದೆ ಕಾಯಿ ಕೀಳೋಕೆ ಹತ್ತಿ, ಬಿದ್ದು ಸತ್ತಿದ್ದು ಆ ಮರದಿಂದಲೇ.

ಅವರು ಕ್ರೈಸ್ತರು. ಮಣ್ಣು ಮಾಡಿದ ದಿನ ಈ ಹುಡುಗಿ ಎಲ್ಲರ ಮುಂದೆ, "ಅಪ್ಪ ಪ್ರಭು ಹತ್ರ ಹೋಗವ್ನೆ, ಮತ್ತೆ ನೋಡೇ ನೋಡ್ತೀನಿ" ಅಂದಿದ್ದಳು. ಹದಿನೈದು ದಿನ ಕಳೆದಿರಲಿಲ್ಲ, ರಾತ್ರಿ ಹೊತ್ತು ಮರದಲ್ಲಿ ಸದ್ದು. ದೊಡ್ಡಣ್ಣ ದೆವ್ವ ಆಗವ್ನೆ ಅಂತ ಊರೆಲ್ಲ ಗುಲ್ಲಾಯ್ತು. ದೆವ್ವ ಅಲ್ಲಾಡದ ಹಾಗೆ ಮರಕ್ಕೆ ಮೊಳೆ ಹೊಡೆಸೋಕೆ ಹನುಮಂತರಾಯರು, ನಾವು ಬಸ್ಸಿಳಿದ ಮಾರನೇ ಬೆಳಗ್ಗೆಗೆ, ಮಂತ್ರವಾದಿಯನ್ನ ಕರೆಸಿದ್ದರು.

ಅವತ್ತು ರಾತ್ರಿ ಜೀವಿತಾ ಆ ಮರದ ಕೆಳಗೆ ನಿಂತುಬಿಟ್ಟಳು. "ನಮ್ಮಪ್ಪನ್ನ ಇದಕ್ಕೆ ಮೊಳೆ ಹೊಡೆದು ನಿಲ್ಲಿಸ್ತಾರಂತೆ. ಮೇಲೆ ಸದ್ದು ಮಾಡೋದು ಅದ್ಯಾರು ಅಂತ ನಾನೇ ಕೇಳ್ತೀನಿ."

"ಬ್ಯಾಡ ಕಣೇ... ಸುಮ್ಕೆ ನಡಿ," ಪಿಸುಗುಟ್ಟಿದೆ. ಅವಳ ಕೈ ಹಿಡಿದು ಎಳೆದೆ.

ಸರಕ್... ಸರಕ್...

ಕಾಲಿಗೆ ಹಗ್ಗ ಹಾಕ್ಕೊಂಡು ಮರ ಹತ್ತೋ ಸದ್ದು. ಮರದ ಮೇಲಕ್ಕೆ ಟಾರ್ಚ್ ಬೆಳಕು ಬಿಟ್ಟೆ. ಯಾರೂ ಇಲ್ಲ. ಸದ್ದು ಮಾತ್ರ ಮೇಲೆ ಮೇಲೆ ಹೋಗಿ ಗರಿಗಳ ಹತ್ತಿರ ನಿಂತಿತು.

"ಜೀವೀ..." ದೊಡ್ಡಣ್ಣನದೇ ದನಿ. "ಇಲ್ಲೇ ಇವ್ನಿ ಕಣವ್ವ... ಎಲ್ಲೂ ಹೋಗಿಲ್ಲ."

ಜೀವಿತಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಬಿಡಿಸಿಕೊಂಡಳು.

"ನೀನು ನಮ್ಮಪ್ಪ ಅಲ್ಲ."

"ಅವ್ನು ಸ್ವರ್ಗದಲ್ಲವ್ನೆ ಅಂತ... ನೀನೇನು ನೋಡಿದ್ಯಾ?" ಮೇಲಿನ ದನಿ ಕೇಳಿತು.

ಈ ಪ್ರಶ್ನೆ ತಿಂಗಳಿಂದ ನನ್ನ ಮನಸ್ಸಲ್ಲೂ ಇತ್ತು. ಕೇಳೋಕೆ ಧೈರ್ಯ ಬಂದಿರಲಿಲ್ಲ.

"ನೋಡಿಲ್ಲ!" ಅವಳು ಕಿರುಚಿದಳು. "ನೋಡ್ದೇನೇ ಗೊತ್ತು! ಯೇಸಪ್ಪ ಸತ್ತು ಎದ್ದು ಬಂದವ್ನೆ. ನಮ್ಮಪ್ಪ ಅವ್ನ ಕೈಲವ್ನೆ. ಸಾವಿನ ಕೈಲೇ ಅವ್ನನ್ನ ಅಲ್ಲಿಂದ ಕಿತ್ಕೊಳ್ಳೋಕಾಗಲ್ಲ, ನೀನ್ಯಾವ ಲೆಕ್ಕ? ಹೋಗು!"

ಬಾವಿಯ ಕಪ್ಪೆಗಳೂ ಗಪ್‌ಚಿಪ್.

ಕಚಕ್! ಮೇಲೆ ಮಚ್ಚಿನೇಟು. ನಾನು ಕಣ್ಣು ಮುಚ್ಚಿಕೊಂಡು ಕೂತುಬಿಟ್ಟೆ. ಆದರೆ ಏನೂ ಬಿದ್ದ ಸದ್ದಾಗಲಿಲ್ಲ.

ಕಣ್ಣು ಬಿಟ್ಟರೆ ಜೀವಿತಾಳ ಕಾಲ ಹತ್ತಿರ ಒಂದು ಎಳನೀರು ಗೊನೆ, ಮೆತ್ತಗೆ ಇಳಿಸಿಟ್ಟ ಹಾಗೆ. ಕೊಯ್ದ ಜಾಗ ಇನ್ನೂ ಹಸಿ. ಒಂದು ಕಾಯಿಗೂ ಪೆಟ್ಟಿಲ್ಲ. ಮೇಲಿನ ಸದ್ದು ನಿಂತೇ ಹೋಗಿತ್ತು.

ಬೆಳಗ್ಗೆ ಮಂತ್ರವಾದಿ ಸುತ್ತಿಗೆ ಹಿಡಿದು ಬಂದಾಗ ಜೀವಿತಾ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳು. "ಇಲ್ಲಿ ಯಾರೂ ಇಲ್ಲ ಕಣ್ರೀ. ಹೊಡೀಲೇಬೇಕು ಅಂದ್ರೆ ಮೊದ್ಲು ನನಗೆ ಹೊಡೀರಿ." ಹನುಮಂತರಾಯರು ಗೊನೆ ನೋಡಿದರು, ಮರ ನೋಡಿದರು, ಆಸಾಮಿಯನ್ನ ವಾಪಸ್ ಕಳಿಸಿದರು. ಅವಳು ಎರಡು ಎಳನೀರು ಕೆತ್ತಿದಳು. ಒಂದು ತಾನು ಕುಡಿದಳು, ಒಂದು ನನ್ನ ಕೈಗಿಟ್ಟಳು.

"ಕುಡಿ, ಏನೂ ಆಗಲ್ಲ."

ದೊಡ್ಡಣ್ಣ ಬಿದ್ದ ಮೇಲೆ ಆ ಮರಕ್ಕೆ ಯಾರೂ ಹತ್ತಿರಲಿಲ್ಲ, ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ನಾನು ಪೂರ್ತಿ ಕುಡಿದೆ. ಸಿಹಿಯಾಗಿತ್ತು ಕಣ್ರಪ್ಪ.