ಏಳನೇ ನಂಬರಿನ ಪಿನ್ನು

ಅದನ್ನ ಮುಟ್ಬೇಡ. ಮುಟ್ಬೇಡ ಅಂದೆನಲ್ಲ, ಲಿನೆಟ್. ಆ ಬಟ್ಟೆಗಳಿಗೆ ಪಿನ್ ಹಾಕಿದೋನು ನಾನು, ತೆಗೆಯೋನೂ ನಾನೇ. ಪಿನ್ ಹಾಕಿದೋನೇ ಪಿನ್ ತೆಗೀಬೇಕು, ಬೇರೆ ಯಾರೂ ಕೈ ಹಾಕೋ ಹಾಗಿಲ್ಲ. ತಂಡದ ಬಟ್ಟೆ ಒಗೆಯೋ ಈ ಕೋಣೇಲಿ ಆ ಕಾನೂನು ಮಾಡಿದ್ದು ಯಾರು? ನಿಮ್ಮಪ್ಪ. ಹೋಬರ್ಟ್ ಕ್ರಾಲ್ ಸಾಹೇಬ್ರು. ಮಗಳಿಗೇ ಗೊತ್ತಿಲ್ವಾ?

ಕೂತ್ಕೋ. ಅಲ್ಲಿ ಬೇಡ, ಅದು ಹೆಲ್ಮೆಟ್ ಇಡೋ ಬೆಂಚು. ಆ ಸ್ಟೂಲ್ ಎಳ್ಕೋ. ಚಿಕ್ಕೋಳಿದ್ದಾಗ ಅದರ ಮೇಲೇ ಕೂತು, ಕಾಲು ಆಡಿಸ್ತಾ, ಆಟಗಾರರ ಸಾಕ್ಸು ಜೋಡಿ ಮಾಡ್ತಿದ್ದೆ ನೀನು. ನೆನಪಿದೆಯಾ?... ತಲೆನಾದ್ರೂ ಅಲ್ಲಾಡಿಸಬಾರ್ದಾ? ಆಗ್ಲಿ ಬಿಡು. ಮೌನ ನಿಮ್ಮ ಮನೆತನದ ಆಸ್ತಿ.

ನಿಮ್ಮಪ್ಪ ಹೋದ್ರು ಅಂತ ಮಂಗಳವಾರನೇ ಗೊತ್ತಾಯ್ತು. ಬರ್ಬೇಕು ಅನ್ಕೊಂಡೆ. ಆದ್ರೆ ಹಳೇ ವಿದ್ಯಾರ್ಥಿಗಳೆಲ್ಲ ಬರೋ ವಾರ ಇದು. ಬಾಲಿಂಗರ್ ಕಾಲೇಜಿನ ಫುಟ್‌ಬಾಲ್ ತಂಡ ಅಂದ್ರೆ ತೊಂಬತ್ತು ಜನ, ತೊಂಬತ್ತು ಜೆರ್ಸಿ, ತೊಂಬತ್ತು ಜೊತೆ ಭುಜದ ಪ್ಯಾಡು, ಮೈಗೆ ಮೈ ಗುದ್ದಿ ಆಡೋ ಆಟ ಅಲ್ವಾ. ಸಾವಿಗೇನು, ಅದು ಪಂದ್ಯದ ಪಟ್ಟಿ ನೋಡ್ಕೊಂಡು ಬರುತ್ತಾ?

ಇದೇನು ಚೀಟಿ? ತಾ ಇಲ್ಲಿ... ಹೂಂ. ಅವರದೇ ಅಕ್ಷರ. ಪೆನ್ಸಿಲಲ್ಲಿ ಒತ್ತಿ ಒತ್ತಿ. ‘ನನ್ನ ಶವಪೆಟ್ಟಿಗೆ ಹೊರಬೇಕಾದವರು’. ನಿನ್ನ ತಮ್ಮ. ಚರ್ಚಿನೋರು ಇಬ್ಬರು. ಹುಲ್ಲು ಕತ್ತರಿಸೋ ವಿಭಾಗದಿಂದ ಇಬ್ಬರು. ಆರನೇದು... ಡೆಲ್ಮರ್ ವೀಟ್.

ನಾನು?

ಇದೇನಿದು, ತಮಾಷೆನಾ? ನಾಳೆ ಹತ್ತು ಗಂಟೆಗೆ ಮಣ್ಣು, ಒಂದೂವರೆಗೆ ಪಂದ್ಯ. ಆಗಲ್ಲ ಕಣಮ್ಮ. ಬೇರೆ ಯಾರನ್ನಾದ್ರೂ ನೋಡ್ಕೋ. ಊರಲ್ಲಿ ಹೆಗಲಿಗೇನು ಬರಗಾಲವಾ? ಮೂವತ್ತೆರಡು ವರ್ಷ ನನ್ನ ಹತ್ರ ಹತ್ತು ಮಾತಾಡಿಲ್ಲ ಆ ಮನುಷ್ಯ. ಹತ್ತು ಮಾತು! ಈಗ ಸತ್ತ ಮೇಲೆ ನನ್ನ ಹೆಗಲು ಬೇಕಾಯ್ತಾ?

ಆ ಕಾಗದದ ಚೀಲದಲ್ಲಿ ಏನಿದೆ? ಮಡಿಲಲ್ಲಿ ಇಟ್ಕೊಂಡು ಕೂತಿದ್ದೀಯಲ್ಲ... ಹೇಳಲ್ಲ? ಗೊತ್ತಾಯ್ತು ಬಿಡು. ಅಪ್ಪನ ಪೆಟ್ಟಿಗೇಲಿ ಇಡೋಕೆ ಹಳೇ ಕಂದು ಜೆರ್ಸಿ ಬೇಕು, ಅದನ್ನ ಹಾಕ್ಕೊಂಡು ಹೋಗೋಕೆ ಚೀಲ ತಂದಿದ್ದೀಯ. ಇಲ್ಲ. ಒಂದೂ ಇಲ್ಲ. ಗಾಜಿನ ಕಪಾಟಲ್ಲಿ ಇದ್ದದ್ದನ್ನೂ ಹೋದ ವರ್ಷ ಜೆರ್ಸಿ ಕೊಡೋ ಕಂಪನಿಯೋರು ತಗೊಂಡು ಹೋದ್ರು. ಅವರ ಮ್ಯೂಸಿಯಮ್ಮಿಗಂತೆ. ನಮ್ಮ ಬಣ್ಣ ಅವರ ಮ್ಯೂಸಿಯಮ್ಮಲ್ಲಿ!

ನಾಳೆ ಹುಡುಗ್ರು ಹಾಕ್ಕೊಳ್ಳೋದು ಇದು. ನೋಡು. ಮುಟ್ಟಿ ಬೇಕಾದ್ರೂ ನೋಡು, ಇದಕ್ಕಿನ್ನೂ ಪಿನ್ ಬಿದ್ದಿಲ್ಲ. ಕರಿ. ಅಯ್ಯೋ, ಕರಿ ಅನ್ಬಾರ್ದಂತೆ! ಇದರ ಹೆಸರು ‘ನಡುರಾತ್ರಿಯ ಅಕ್ರೋಟು’. ಕಂಪನಿಯೋರು ನಾಮಕರಣ ಮಾಡಿ, ತೊಟ್ಟಿಲು ತೂಗಿ ಕಳ್ಸಿದ್ದಾರೆ. ಯಾಕೆ ನಗ್ತೀಯ? ನಗು ಬಂತಲ್ಲ? ನಾನೂ ನಕ್ಕಿದ್ದೆ. ಕಾಲೇಜಿನ ಅಧ್ಯಕ್ಷರು ಮಾತ್ರ ನಗಲಿಲ್ಲ, ‘ಬಹಳ ಅರ್ಥಗರ್ಭಿತವಾಗಿದೆ’ ಅಂದ್ರು. ಟೈ ಕಟ್ಕೊಂಡು ಅಂದ್ರು.

ಅಕ್ರೋಟು ಅಂದ್ರೆ ಏನು ಅಂತ ಗೊತ್ತಾ ಆ ಮುಂಡೇವಕ್ಕೆ? ಹೊಳೆ ಪಕ್ಕದ ಮರದಿಂದ ಕಾಯಿ ಬೀಳುತ್ತಲ್ಲ, ಅದರ ಹಸಿ ಸಿಪ್ಪೆ ಸುಲಿದ್ರೆ ಕೈಗೆ ಹತ್ತೋ ಕಂದು, ಹದಿನೈದು ದಿನ ತಿಕ್ಕಿದ್ರೂ ಹೋಗಲ್ಲ. ಈ ಕಾಲೇಜಿನ ಮೊದಲನೇ ತಂಡಕ್ಕೆ ಅವರ ತಾಯಂದಿರು ಹಂಡೇಲಿ ಆ ಸಿಪ್ಪೆ ಕುದಿಸಿ ಉಣ್ಣೆ ಅಂಗಿ ಅದ್ದಿ ಕೊಟ್ರು. ಅದು ನಮ್ಮ ಬಣ್ಣ. ನಮ್ಮ ಎದುರಾಳಿ ಹ್ಯಾಡ್ಲಿ ಕಾಲೇಜಿನೋರು ಅದನ್ನ ನೋಡಿ ಸಗಣಿ ಬಣ್ಣ ಅಂತ ಹಾಡು ಕಟ್ಟಿದ್ರು, ಮೈದಾನಕ್ಕೆ ಟಾಯ್ಲೆಟ್ ಪೇಪರ್ ಎಸೆದ್ರು. ಎಸೀಲಿ! ಸಗಣಿ ಅನ್ನಿಸ್ಕೊಂಡು ನೂರು ವರ್ಷ ಗೆದ್ವಿ, ಸೋತ್ವಿ, ಬಣ್ಣ ಬಿಡಲಿಲ್ಲ. ಆಮೇಲೆ ಬಂದ ಕಂಪನಿಯೋರು ಏನಂದ್ರು? ಕಂದು ಟೀವಿಯಲ್ಲಿ ಕೆಸರಾಗಿ ಕಾಣುತ್ತೆ, ಚೂರು ಕೆಂಪು ಬೆರೆಸೋಣ ಅಂದ್ರು. ಬೆರೆಸಿದ್ರು. ಆಮೇಲೆ ಅಂಗಡೀಲಿ ಓಡಲ್ಲ ಅಂದ್ರು. ಬೂದಿ ಬಣ್ಣ ಬಂತು. ಈಗ ನಡುರಾತ್ರಿ. ಬರೋ ವರ್ಷ ಅಮಾವಾಸ್ಯೆ ಬರುತ್ತೆ ನೋಡ್ತಿರು.

ಈ ಹುಡುಗರೂ ಹಾಗೇ. ಕರಿ ಜೆರ್ಸಿ ಬಂದ ಪೆಟ್ಟಿಗೆ ತೆರೆದಾಗ ಕೂಗಾಡಿ ಕುಣಿದಾಡಿ, ಮೊಬೈಲಲ್ಲಿ ಹಿಡ್ಕೊಂಡು... ಅದನ್ನ ನೋಡೋಕಾಗದೆ ಆಚೆ ಹೋಗಿ ನಿಂತೆ ನಾನು.

ಇದಕ್ಕೆಲ್ಲ ಬಾಗಿಲು ತೆರೆದೋರು ಯಾರು? ಬೇಜಾರು ಮಾಡ್ಕೋಬೇಡ. ಸತ್ತೋರನ್ನ ಅನ್ಬಾರ್ದು ಅಂತಾರೆ. ನಾನು ಅಂತೀನಿ. ನಿಮ್ಮಪ್ಪ. ತೊಂಬತ್ತೆರಡರ ಅಕ್ಟೋಬರ್, ಹ್ಯಾಡ್ಲಿ ಪಂದ್ಯದ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ. ಇಡೀ ತಂಡದ ಕಂದು ಜೆರ್ಸಿ ಬ್ಲೀಚಲ್ಲಿ ಬಿದ್ದು ಹಾಳಾಯ್ತು. ಮಾರನೇ ದಿನ ಅಭ್ಯಾಸಕ್ಕೆ ಹಾಕೋ ಹರಕಲು ಬನಿಯನ್ನಲ್ಲಿ ಆಡಿದ್ವಿ, ಸುತ್ತಲ ನಾಲ್ಕು ಜಿಲ್ಲೆಯ ಜನರೆಲ್ಲ ನಕ್ಕರು. ಸೋಮವಾರ ಕಂಪನಿ ಲಾರಿ ಬಂತು. ತೊಂಬತ್ತು ಹೊಸ ಜೆರ್ಸಿ, ಪುಕ್ಕಟೆ. ಎದೆ ಮೇಲೆ ಅವರ ಮುದ್ರೆ ಒಂದಿದ್ರೆ ಸಾಕು ಅಂದ್ರು. ಚಿಕ್ಕದು, ಹೆಬ್ಬೆರಳಷ್ಟು. ಅಷ್ಟೇ ನೋಡು. ಬೆರಳು ಕೊಟ್ರೆ ಹಸ್ತ ನುಂಗ್ತು.

ನಿಮ್ಮಪ್ಪನೇ ಒಪ್ಕೊಂಡ್ರಲ್ಲ! ನಾನು ಹುಟ್ಟಿಸಿ ಹೇಳ್ತಿಲ್ಲ. ಕ್ರೀಡಾ ನಿರ್ದೇಶಕರು ಇಲ್ಲೇ, ಈ ಮೇಜಿನ ಮುಂದೆ ನಿಂತು ಕೇಳಿದ್ರು. ಎಷ್ಟು ಕೂಗಿದ್ರು ಅಂದ್ರೆ ಕಿಟಕಿ ಗಾಜು ಅದುರ್ತಿತ್ತು. ನಿಮ್ಮಪ್ಪ ಟೋಪಿ ತೆಗೆದು ಕೈಲಿ ಹಿಡ್ಕೊಂಡು, “ಈ ಕೋಣೆ ಬಟ್ಟೆ ನನ್ನ ಜವಾಬ್ದಾರಿ, ತಪ್ಪು ನನ್ನದು” ಅಂದ್ರು. ಇಪ್ಪತ್ತಾರು ವರ್ಷ ನಡೆಸಿದ ಕೋಣೆಯ ಬೀಗದ ಕೈ ಆ ನಿಮಿಷಾನೇ ಮೇಜಿನ ಮೇಲಿಟ್ರು. ಹುಲ್ಲು ಕತ್ತರಿಸೋಕೆ ಹಾಕಿದ್ರು ಅವರನ್ನ. ಆ ಬೀಗದ ಕೈ ನನಗೆ ಬಂತು. ನಾನೇನು ಕೇಳಿ ಪಡೆದದ್ದಾ?

ನಾನು ಅವತ್ತು ಊರಲ್ಲೇ ಇರ್ಲಿಲ್ಲ. ಹಲ್ಲುನೋವು. ಪಕ್ಕದ ದೊಡ್ಡೂರಿನ ಹಲ್ಲಿನ ಡಾಕ್ಟರ ಹತ್ರ ಹೋಗಿದ್ದೆ. ಕೆನ್ನೇಲಿ ಹತ್ತಿ ಇಟ್ಕೊಂಡು ವಾಪಸ್ ಬಂದಾಗ ಎಲ್ಲ ಆಗಿ ಹೋಗಿತ್ತು. ಹತ್ತಿ ಎಲ್ಲರೂ ನೋಡಿದ್ದಾರೆ, ಯಾರನ್ನ ಬೇಕಾದ್ರೂ ಕೇಳು.

ಗೋಡೆ ಯಾಕೆ ನೋಡ್ತೀಯ? ಪಿನ್ನುಗಳು ಕಣಮ್ಮ, ಅವೇ ಹಳೇವು. ಒಬ್ಬೊಬ್ಬರಿಗೆ ಒಂದೊಂದು ನಂಬರು, ತಲೆ ಮೇಲೆ ಕೊರೆದಿರುತ್ತೆ. ಒಗೆಯೋ ಜೆರ್ಸಿಗಳ ಕೊರಳು ಪೋಣಿಸಿ ಹಾಕೋ ಗೇಣುದ್ದದ ಪಿನ್ನು. ಯಾರ ಪಿನ್ನೋ ಅವನ ಲೋಡು, ಹಾಳಾದ್ರೂ ಅವನದೇ. ನನ್ನದು ಹನ್ನೊಂದು. ಏಳನೇ ಮೊಳೆ ಖಾಲಿ, ಹೌದು. ಆ ಪಿನ್ನು ಕಳೆದುಹೋಯ್ತು. ಯಾವಾಗ ಅಂತ ಯಾರಿಗೆ ನೆನಪಿರುತ್ತೆ? ಪಿನ್ನು ಕಳೆಯಲ್ವಾ? ಪಿನ್ನೇನು ಕೋಣನಾ, ಕಳೆದ್ರೆ ಊರೆಲ್ಲ ಡಂಗುರ ಹೊಡೆಯೋಕೆ!

ಹಾಗೆ ನೋಡ್ಬೇಡ. ನಿಮ್ಮಪ್ಪನೂ ಹೀಗೇ ನೋಡ್ತಿದ್ರು. ಹುಲ್ಲು ಕತ್ತರಿಸೋ ಗಾಡಿ ಮೇಲೆ ಕೂತು ಆ ಕಿಟಕಿ ಮುಂದೆ ಹಾದು ಹೋಗೋರು, ಪ್ರತಿ ಶುಕ್ರವಾರ. ಗಾಡಿ ನಿಧಾನ ಮಾಡಿ, ನನ್ನ ಕಡೆ ನೋಡಿ, ಒಂದು ಕೈ ಎತ್ತೋರು. ಅಷ್ಟೇ. ಮಾತಿಲ್ಲ. ಹದಿನಾಲ್ಕು ವರ್ಷ ಆ ಕೈ ನೋಡಿದ್ದೀನಿ ನಾನು! ಶುಕ್ರವಾರ ಬಂದ್ರೆ ಊಟ ಸೇರ್ತಿರ್ಲಿಲ್ಲ ನನಗೆ. ಅಣಕಿಸ್ತಿದ್ರು ಕಣೇ ಆ ಮನುಷ್ಯ, ನಿನಗೆ ಗೊತ್ತಿಲ್ಲ. ನಿವೃತ್ತಿ ಆದ ದಿನ ನಾನು ಮನೇಲಿ ವಿಸ್ಕಿ ಕುಡಿದೆ, ಖುಷಿಗೆ.

ಯಾಕೆ ಅಣಕಿಸ್ಬೇಕಿತ್ತು ಅಂದ್ರೆ... ಯಾಕೆ ಅಂದ್ರೆ ನನಗೇನು ಗೊತ್ತು! ತಪ್ಪು ಅವರದ್ದು, ನನ್ನ ಮೇಲೆ ಯಾಕೆ ಸಿಟ್ಟು? ಎಲ್ಲರಿಗೂ ಕಲಿಸ್ತಿದ್ದ ಮೇಷ್ಟ್ರು ಅವರು. ಬಿಳಿ ಪ್ಯಾಂಟಿಗೆ ಬ್ಲೀಚು, ಕಂದು ಜೆರ್ಸಿಗೆ ಬರೀ ತಣ್ಣೀರು. ಬಿಳಿ ಆದ ಮೇಲೆ ಬ್ಲೀಚಿನ ಡಬ್ಬಿ ಖಾಲಿ ಮಾಡು, ಖಾಲಿ ನೀರು ಒಂದು ಸಲ ತಿರುಗಿಸು, ಆಮೇಲೆ ಕಂದು ಹಾಕು. ಮಗು ಕೂಡ ಮಾಡುತ್ತೆ. ಅವತ್ತು ಆ ಮೂರನೇ ಮಷೀನಲ್ಲಿ ಡಬ್ಬಿ ತುಂಬೇ ಇತ್ತು, ಯಾರೂ ನೋಡಲಿಲ್ಲ. ಮುಚ್ಚಳ ತೆಗೆಯೋಕೆ ಮುಂಚೇನೇ ವಾಸನೆ ಬಂತು, ಮೂಗು ಕಿತ್ತುಹೋಗೋ ಹಾಗೆ. ಕೈ ಹಾಕಿ ಒಂದು ಎತ್ತಿದ್ರೆ ಬೇಯಿಸಿದ ಸೀಗಡಿ ಬಣ್ಣ. ಅಲ್ಲಲ್ಲಿ ತೇಪೆ ತೇಪೆ. ಒಂದೇ ಇರ್ಬೇಕು ಅನ್ಕೊಂಡು ಇನ್ನೊಂದು ಎತ್ತಿದೆ, ಅದೂ ಹಾಗೇ, ಮೂರನೇದು ಎತ್ತಿ...

ಎತ್ತಿದ್ರಂತೆ. ನಿಮ್ಮಪ್ಪ. ಅವರು ಎತ್ತಿದ್ರಂತೆ. ಜನ ಹೇಳಿದ್ದು.

ಯಾಕೆ ಸುಮ್ನೆ ಕೂತೆ? ಏನಾದ್ರೂ ಅನ್ನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು. ಬಾಯಿ ತಪ್ಪಿತು, ಅಷ್ಟೇ. ನಿನಗೆ ಕ್ಲಾಸಲ್ಲಿ ಮಕ್ಕಳು ಹೀಗೇ ಮಾತಾಡಿದ್ರೆ... ನೀನು ಮೇಷ್ಟರ ಕೆಲಸ ಮಾಡೋಳು, ಹೀಗೇ ಸುಮ್ನೆ ಕೂತ್ಕೊಂಡೇ ಬಾಯಿ ಬಿಡಿಸ್ತೀಯಾ ಅಲ್ಲಿ?

ಸರಿ. ಇದ್ದೆ. ಇಲ್ಲೇ ಇದ್ದೆ. ಅದಕ್ಕೇನೀಗ?

ಹಲ್ಲಿಗೆ ಏನೂ ಆಗಿರ್ಲಿಲ್ಲ. ಆ ಹತ್ತಿ ನಾನೇ ತುರುಕಿಕೊಂಡಿದ್ದು, ಆ ಮೂಲೇಲಿರೋ ಗಾಯದ ಔಷಧಿ ಡಬ್ಬಿಯಿಂದ. ಕಂಪನಿಯ ಮಾರಾಟದೋನು ಊರಿಗೆ ಬಂದಿದ್ದ. ಟ್ರೆಂಟ್ ಅಂತ, ಬೂಟು ಕನ್ನಡಿ ಥರ ಹೊಳೀತಿತ್ತು. ನಿಮ್ಮಪ್ಪ ಅವನನ್ನ ಬಾಗಿಲ ಒಳಗೆ ಬಿಟ್ಟಿರ್ಲಿಲ್ಲ. ಅವನು ಹೋಟೆಲಿಗೆ ಬಾ ಅಂತ ನನ್ನನ್ನ ಕರೆದ. ಲೋಡು ಹಾಕ್ದೆ, ಡಬ್ಬಿ ನೋಡದೇ ಮಷೀನು ಒತ್ತಿದೆ, ಓಡಿದೆ. ತಟ್ಟೆಯಷ್ಟಗಲದ ಹಂದಿಮಾಂಸದ ಸ್ಯಾಂಡ್‌ವಿಚ್ ತರಿಸಿ, ‘ಡೆಲ್ಮರ್, ಆ ಕೋಣೆ ನಿನ್ನ ಕೈಲಿದ್ರೆ ಹೇಗಿರುತ್ತೆ ಅಂತ ಯೋಚ್ನೆ ಮಾಡಿದ್ದೀಯಾ’ ಅಂದ. ಮೂವತ್ತು ವರ್ಷ ನನಗೆ ಆಗ. ಆ ಥರ ಯಾರೂ ಕೇಳಿರ್ಲಿಲ್ಲ. ಮಷೀನಲ್ಲಿ ಏನು ಹಾಕಿದೀನಿ ಅನ್ನೋದೇ ಮರೆತು ಕೂತು ತಿಂದೆ.

ಬೇಕಂತ ಮಾಡಿದ್ದಲ್ಲ. ಕೇಳಿಸ್ತಾ? ಬೇಕಂತ ಮಾಡಿದ್ದಲ್ಲ ಲಿನೆಟ್. ಆದ್ರೆ ವಾಪಸ್ ಬಂದು ನೋಡಿದ ಮೇಲೆ, ಮುಚ್ಚಳ ಮುಚ್ಚಿ ಹೊರಗೋಡಿದ್ದು... ಅದು ಬೇಕಂತಲೇ. ಟ್ರೆಂಟಿಗೆ ಫೋನ್ ಮಾಡಿ ‘ಜೆರ್ಸಿ ಬೇಕಾಗುತ್ತೆ’ ಅಂದಿದ್ದೂ. ನಿಮ್ಮಪ್ಪ ಟೋಪಿ ತೆಗೆದು ನಿಂತಾಗ ನಾನು ಬಾಯಲ್ಲಿ ಹತ್ತಿ ಇಟ್ಕೊಂಡು ಅವರ ಹಿಂದೇನೇ ನಿಂತಿದ್ದೆ. ಹತ್ತಿ ಇತ್ತಲ್ಲ, ಮಾತಾಡೋಕಾಗಲ್ಲ ಅಂತ ಸನ್ನೆ ಮಾಡ್ದೆ.

ಅವರಿಗೆ ಗೊತ್ತಿರ್ಲಿಲ್ಲ. ಆಗ ನನ್ನ ಪಿನ್ನು ಏಳು, ಹನ್ನೊಂದು ಆಮೇಲೆ ತಗೊಂಡಿದ್ದು; ಅದನ್ನ ಮಷೀನಲ್ಲೇ ಬಿಟ್ಟು ಓಡಿದ್ದೆ, ಎರಡನೇ ಸಲ ವಾಪಸ್ ಬಂದಾಗ ಇರ್ಲಿಲ್ಲ. ಚರಂಡಿ ಜಾಲರಿ ಬಿಚ್ಚಿ ಕೂಡ ಹುಡುಕಿದೆ. ನೀರಲ್ಲಿ ಹೋಯ್ತು ಅಂದ್ಕೊಂಡೆ. ಗೊತ್ತಿದ್ದಿದ್ರೆ ಅವರು ಹೇಳದೆ ಇರ್ತಿದ್ರಾ? ಯಾವ ಮನುಷ್ಯ ಹೇಳದೆ ಇರ್ತಾನೆ? ಇಪ್ಪತ್ತಾರು ವರ್ಷದ ಕೆಲಸ! ಹೇಳು. ಗೊತ್ತಿತ್ತಾ? ನಿನಗೆ ಹೇಳಿದ್ರಾ? ಬಾಯಿ ಬಿಡು, ಸಾಕು ಮಾಡು ಈ...

ಏನು ಅದು? ಚೀಲ ಯಾಕೆ ಬಿಚ್ತೀಯ?

...

ಅಯ್ಯೋ.

ಅದೇ ಸೀಗಡಿ ಬಣ್ಣ. ನಲವತ್ತನಾಲ್ಕನೇ ನಂಬರು, ಆಗ ನಮ್ಮ ಬಲಗಡೆ ಓಡ್ತಿದ್ದ ಹುಡುಗನ ಜೆರ್ಸಿ. ಮೂವತ್ತೆರಡು ವರ್ಷ ಇದನ್ನ ಎಲ್ಲಿ... ಇಸ್ತ್ರಿ ಬೇರೆ ಮಾಡಿದ್ದಾರೆ. ಹಾಳಾದ ಬಟ್ಟೆಗೆ ಇಸ್ತ್ರಿ ಮಾಡಿಟ್ಟಿದ್ದಾರೆ.

ಕೊರಳ ಹತ್ರ ತೋರಿಸು. ತೋರಿಸು ಅಂದೆ.

ಏಳು.

ಹಾಕಿದ ಹಾಗೇ ಇದೆ. ತುಕ್ಕು ಹಿಡಿದು ಬಟ್ಟೆಗೇ ಅಂಟಿಕೊಂಡಿದೆ. ಬೇರೆ ಜೆರ್ಸಿಗಳನ್ನ ಕತ್ತರಿಸಿ ಬಿಡಿಸಿದ್ದಾರೆ ನೋಡು, ಕೊರಳ ಪಟ್ಟಿಯ ಚೂರುಗಳು ಪಿನ್ನಲ್ಲೇ ಇವೆ. ಕತ್ತರಿ ಹಾಕಿದ್ರೂ ಪಿನ್ ತೆಗೆದಿಲ್ಲ. ಅವರು ತೆಗೀಬಾರ್ದಿತ್ತಲ್ಲ. ಅವರದೇ ಕಾನೂನು.

ಒಂದು ಏಟು ಹಾಕಿದ್ರೆ ಆಗ್ತಿತ್ತು. ಎಲ್ಲರ ಮುಂದೆ ಕರೆದು, ಇದು ನಿಂದಾ ಅಂತ ಕೇಳಿದ್ರೆ ಆಗ್ತಿತ್ತು. ಪ್ರತಿ ಶುಕ್ರವಾರ ಗಾಡಿ ನಿಧಾನ ಮಾಡಿ ಕೈ ಎತ್ತೋದು... ಕಾಯ್ತಿದ್ರಾ? ನಾನೇ ಬಂದು ಪಿನ್ನು ಕೇಳ್ತೀನಿ ಅಂತ ಕಾಯ್ತಿದ್ರಾ ಆ ಮುದುಕ?



ಬೇಡ, ನೀನು ಎಳೀಬೇಡ. ಬಟ್ಟೆ ಹರಿಯುತ್ತೆ. ಬಿಡು, ನಿನ್ನದಲ್ಲ ಅದು. ಆ ಎಣ್ಣೆ ಡಬ್ಬಿ ಇತ್ತ ತಳ್ಳು... ಇಲ್ಲಿ ಕೊಡು. ನನ್ನ ಲೋಡು ಅದು. ನನ್ನದು.

ಹತ್ತು ಗಂಟೆಗೆ ಅಲ್ವಾ ಮಣ್ಣು? ಬರ್ತೀನಿ. ಮೊದಲು ಇದು ಬಿಚ್ಚಲಿ.